ಒದ್ದೆ ಬಟ್ಟೆ ಆರುವಷ್ಟು ಹೊತ್ತು

ಮಳೆಗಾಲ ಶುರುವಾಯಿತೆಂದರೆ ನನ್ನ ವಾಟ್ಸಾಪಿಗೆ ಪೋಸ್ಟರುಗಳು ಬರತೊಡಗುತ್ತವೆ. ಮಂಜು ಮುಸುಕಿದ ಗುಡ್ಡ, ಹೆಂಚಿನ ಮನೆ, ಜಗಲಿಯ ಮೇಲೆ ಹಿತ್ತಾಳೆ ಲೋಟದಲ್ಲಿ ಹಬೆಯಾಡುವ ಕಾಫಿ, ಪಕ್ಕದಲ್ಲಿ ತೆರೆದಿಟ್ಟ ನೋಟ್‌ಬುಕ್ಕು, ಅದರ ಮೇಲೆ ಮುಚ್ಚಳ ತೆಗೆದ ಪೆನ್ನು. ಬದುಕಿನ ಗದ್ದಲ ಬಿಟ್ಟು ಎರಡು ದಿನ ಬನ್ನಿ, ನಿಮ್ಮೊಳಗಿನ ಬರಹಗಾರನನ್ನು ಭೇಟಿ ಮಾಡಿ ಎಂಬ ಒಕ್ಕಣೆ. ಶುಲ್ಕ ಊಟ-ವಸತಿ ಸೇರಿ. ಆ ನೋಟ್‌ಬುಕ್ಕಿನ ಹಾಳೆ ಯಾವಾಗಲೂ ಖಾಲಿ ಇರುತ್ತದೆ, ಗಮನಿಸಿದ್ದೀರಾ?

ಮೂರು ವರ್ಷದ ಹಿಂದೆ ಸಾಗರದ ಕಡೆ ನಡೆದ ಅಂಥದೊಂದು ಶಿಬಿರಕ್ಕೆ ನಾನೂ ಹೋಗಿದ್ದೆ, ‘ಸಂಪನ್ಮೂಲ ವ್ಯಕ್ತಿ’ಯಾಗಿ. (ಅದಿರಿನ ಗಣಿಗೆ ಇಡಬೇಕಾದ ಈ ಹೆಸರನ್ನು ಮನುಷ್ಯರಿಗೆ ಯಾರು ಇಟ್ಟರೋ.) ಇಪ್ಪತ್ತೆರಡು ಜನ ಶಿಬಿರಾರ್ಥಿಗಳು ಜಗಲಿಯಲ್ಲಿ ಕಣ್ಣು ಮುಚ್ಚಿ ಕುಳಿತು ಮಳೆಯ ಸದ್ದು ಕೇಳಿಸಿಕೊಳ್ಳುತ್ತಿದ್ದರು. ಹಾಗೆ ಕೂರಿಸಿದವನು ನಾನೇ. ಅದೇ ಹೊತ್ತಿಗೆ ಒಳಗಡೆ ಮನೆಯ ಯಜಮಾನರು ಫೋನಿನಲ್ಲಿ ಕೊನೆಗೌಡನ ಜೊತೆ ಜಗಳ ಆಡುತ್ತಿದ್ದರು. ಹದಿನೈದು ದಿನದಿಂದ ಮಳೆ ಬಿಟ್ಟಿಲ್ಲ. ಮೊದಲ ಸಲ ಹೊಡೆದ ಔಷಧಿ ತೊಳೆದುಹೋಗಿದೆ. ಎರಡನೆಯ ಸಲ ಹೊಡೆಸೋಣವೆಂದರೆ ಒಂದು ದಿನವೂ ಹೊಳವಾಗುತ್ತಿಲ್ಲ. ತೋಟದಲ್ಲಿ ಎಳೆ ಅಡಿಕೆ ಕೊಳೆತು ಬುಡಕ್ಕೆ ಉದುರುತ್ತಿದೆ. ಮಳೆ ಸ್ವಲ್ಪ ಹೊತ್ತು ಬಿಡುವು ಕೊಡುವುದಕ್ಕೆ ಮಲೆನಾಡಿನವರು ಹೇಳುವ ಮಾತು ಈ ‘ಹೊಳವಾಗುವುದು’.

ಸಂಜೆ ಎಲ್ಲರೂ ತಾವು ಬರೆದದ್ದನ್ನು ಓದಿದರು. ಮುಕ್ಕಾಲು ಪಾಲು ಕವಿತೆಗಳಲ್ಲಿ ಮೌನ ಇತ್ತು, ನೆನಪು ಇತ್ತು, ಕಿಟಕಿಯ ಗಾಜಿನ ಮೇಲೆ ಜಾರುವ ಹನಿ ಇತ್ತು. ಆ ಮನೆಯ ಕಿಟಕಿಗಳಿಗೆ ಗಾಜೇ ಇರಲಿಲ್ಲ. ಮರದ ಸರಳು, ಮರದ ಬಾಗಿಲು. ಇನ್ನು ಕೊಳೆರೋಗವಂತೂ ಒಂದು ಕವಿತೆಯಲ್ಲೂ ಇರಲಿಲ್ಲ. ಯಾವ ಮಳೆ ನಮಗೆ ಸ್ಫೂರ್ತಿಯಾಗಿ ಸುರಿಯುತ್ತಿತ್ತೋ ಅದೇ ಮಳೆ ಹತ್ತು ಮಾರು ಆಚೆ ಒಂದು ಸಂಸಾರದ ವರ್ಷದ ಅನ್ನವನ್ನು ಕೊಳೆಸುತ್ತಿತ್ತು. ಕಣ್ಣು ಮುಚ್ಚಿ ಎಂದು ಹೇಳಿದ್ದೆ, ಶಿಷ್ಯರು ಕಿವಿಯನ್ನೂ ಮುಚ್ಚಿಕೊಂಡಿದ್ದರು.

ನನ್ನ ತಕರಾರು ಶಿಬಿರಗಳ ಮೇಲೆ ಮಾತ್ರ ಆಗಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ದುಡ್ಡಿದ್ದವರು ಹೋಗುತ್ತಾರೆ, ನೀರುದೋಸೆ ತಿಂದು ಬರುತ್ತಾರೆ, ಯಾರಿಗೇನು ನಷ್ಟ? ತಕರಾರು ಇರುವುದು ಆ ಪೋಸ್ಟರಿನ ಹಿಂದಿರುವ ನಂಬಿಕೆಯ ಮೇಲೆ. ಸ್ಫೂರ್ತಿ ಎನ್ನುವುದು ದಿನದ ಬದುಕಿನಲ್ಲಿ ಸಿಗುವುದಿಲ್ಲ, ಅದು ಬೇರೆಲ್ಲೋ ಇದೆ, ಕೆಲಸ-ಮನೆ-ಬಸ್ಸು-ಬಾಡಿಗೆಗಳನ್ನು ದಾಟಿ ಹೋದವರಿಗೆ ಮಾತ್ರ ಅದು ಇಳಿದುಬರುತ್ತದೆ, ಬರುವವರೆಗೆ ಕಾಯಬೇಕು ಎಂಬ ನಂಬಿಕೆ. ಇದನ್ನು ಮೇಷ್ಟ್ರುಗಳಾದ ನಾವು ತರಗತಿಯಲ್ಲೂ ಹೇಳುತ್ತೇವೆ, ಬಹಳ ಉದಾತ್ತವಾದದ್ದನ್ನು ಹೇಳುತ್ತಿದ್ದೇವೆ ಎಂಬ ಗತ್ತಿನಲ್ಲಿ. ನಷ್ಟವಾಗುವುದು ಅಲ್ಲಿ.

ನನಗೆ ಅದು ಗೊತ್ತಾದದ್ದು ಒಬ್ಬ ಹುಡುಗನಿಂದ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ. ಮಧ್ಯಾಹ್ನ ತರಗತಿ ಮುಗಿಸಿ, ಸಂಜೆ ಆರರಿಂದ ರಾತ್ರಿ ಹನ್ನೆರಡರವರೆಗೆ ಬೈಕಿನಲ್ಲಿ ಮನೆಮನೆಗೆ ಊಟದ ಪಾರ್ಸೆಲ್ ತಲುಪಿಸುವ ಕೆಲಸ. ಮೊದಲ ವರ್ಷ ನಾಲ್ಕಾರು ಪದ್ಯ ತಂದು ತೋರಿಸಿದ್ದ, ಆಮೇಲೆ ನಿಲ್ಲಿಸಿಬಿಟ್ಟ. ಯಾಕಪ್ಪಾ ಎಂದು ಕೇಳಿದೆ. ‘ನೀವೇ ಹೇಳಿದ್ರಲ್ಲ ಸಾರ್, ಬಲವಂತ ಮಾಡಿ ಬರೀಬಾರ್ದು, ಅದಾಗದೇ ಬರ್ಬೇಕು ಅಂತ. ಅದು ಬರೋವಷ್ಟು ಹೊತ್ತು ನನ್ನ ಹತ್ರ ಇರಲ್ಲ ಸಾರ್’ ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ. ಬಸ್ಸು ಆ ದಾರಿಯಲ್ಲಿ ಹೋಗಲ್ಲ ಎಂದು ಹೇಳುವ ಹಾಗೆ ಹೇಳಿದ. ತಾನು ಬರಹಗಾರರ ಜಾತಿಗೆ ಸೇರಿದವನಲ್ಲ ಎಂದು ತೀರ್ಮಾನ ಮಾಡಿಕೊಂಡಿದ್ದ. ಆ ತೀರ್ಪನ್ನು ಬರೆದುಕೊಟ್ಟವನು ನಾನು.

ಅವತ್ತಿನಿಂದ ಈ ನಂಬಿಕೆ ನಮಗೆ ಎಲ್ಲಿಂದ ಬಂತು ಎಂದು ಹುಡುಕುತ್ತಿದ್ದೇನೆ. ನಮ್ಮ ಕಾವ್ಯಮೀಮಾಂಸೆಯಿಂದ ಬಂತು, ಪ್ರತಿಭೆಯೇ ಎಲ್ಲ ಎಂದು ನಮ್ಮ ಹಿರಿಯರೇ ಹೇಳಿದ್ದಾರೆ ಎನ್ನುವವರಿದ್ದಾರೆ. ಅವರು ಮಮ್ಮಟನನ್ನು ಇನ್ನೊಮ್ಮೆ ಓದಬೇಕು. ಶಕ್ತಿ, ಲೋಕವನ್ನೂ ಶಾಸ್ತ್ರವನ್ನೂ ಕಾವ್ಯವನ್ನೂ ನೋಡಿ ಬಂದ ನಿಪುಣತೆ, ತಿಳಿದವರ ಕೈಕೆಳಗೆ ಮಾಡಿದ ಅಭ್ಯಾಸ, ಈ ಮೂರನ್ನೂ ಹೇಳಿ ಆತ ‘ಹೇತು’ ಎಂಬ ಪದವನ್ನು ಏಕವಚನದಲ್ಲಿ ಇಡುತ್ತಾನೆ. ಮೂರು ಕಾರಣಗಳಲ್ಲ, ಮೂರೂ ಸೇರಿ ಒಂದು ಕಾರಣ. ದಂಡಿ ಇನ್ನೂ ಉದಾರಿ. ಹುಟ್ಟಿನಿಂದ ಬಂದ ಪ್ರತಿಭೆ ಇಲ್ಲದಿದ್ದರೂ ಓದಿನಿಂದ, ಪ್ರಯತ್ನದಿಂದ ಉಪಾಸನೆ ಮಾಡಿದವನ ಮೇಲೆ ವಾಗ್ದೇವಿ ಒಂದಿಷ್ಟಾದರೂ ಕೃಪೆ ತೋರಿಸಿಯೇ ತೋರಿಸುತ್ತಾಳೆ ಎನ್ನುತ್ತಾನೆ.

ನನಗೆ ಎಲ್ಲರಿಗಿಂತ ಪ್ರಿಯನಾದವನು ರಾಜಶೇಖರ. ಸುಮಾರು 1100 ವರ್ಷಗಳ ಹಿಂದಿನವನು, ಕನೌಜಿನ ಪ್ರತೀಹಾರರ ಆಸ್ಥಾನದಲ್ಲಿದ್ದವನು. ಅವನ ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ದಿನಚರಿಗೆಂದೇ ಒಂದು ಅಧ್ಯಾಯವಿದೆ. ಹಗಲನ್ನು ನಾಲ್ಕು ಜಾವ ಮಾಡುತ್ತಾನೆ. ಮೊದಲ ಜಾವ ಓದು. ಎರಡನೆಯದು ಬರವಣಿಗೆ. ಊಟದ ನಂತರ ಗೋಷ್ಠಿ, ಅಂದರೆ ಬಲ್ಲವರ ಜೊತೆ ಮಾತು. ನಾಲ್ಕನೆಯ ಜಾವದಲ್ಲಿ ಒಬ್ಬನೇ ಕೂತೋ ಒಂದಿಬ್ಬರು ಆಪ್ತರ ಜೊತೆಗೋ ಬೆಳಗ್ಗೆ ಬರೆದದ್ದನ್ನು ತಿದ್ದುವುದು. ಯಾಕೆ ತಿದ್ದಬೇಕು ಎನ್ನುವುದಕ್ಕೆ ಅವನು ಕೊಡುವ ಕಾರಣ ನೋಡಿ: ರಸದ ಆವೇಶದಲ್ಲಿ ಬರೆಯುವವನಿಗೆ ಬರೆಯುವಾಗ ವಿವೇಚನೆಯ ಕಣ್ಣು ಇರುವುದಿಲ್ಲ. ಆದ್ದರಿಂದ ಹೆಚ್ಚಾದದ್ದನ್ನು ತೆಗೆ, ಕಡಿಮೆಯಾದದ್ದನ್ನು ತುಂಬು, ಜಾಗ ತಪ್ಪಿದ್ದನ್ನು ಸರಿಸು, ಮರೆತದ್ದನ್ನು ನೆನಪು ಮಾಡಿಕೊ. ಅಂದರೆ ಸ್ಫೂರ್ತಿಯನ್ನು ಅವನು ಅಲ್ಲಗಳೆಯುವುದಿಲ್ಲ, ಬೆಳಗಿನ ಸ್ಫೂರ್ತಿಯನ್ನು ಸಂಜೆ ವಿಚಾರಣೆಗೆ ಕರೆಯುತ್ತಾನೆ. ಕವಿಯ ಹತ್ತಿರ ಸದಾ ಇರಬೇಕಾದ ಸಾಮಾನುಗಳ ಪಟ್ಟಿಯನ್ನೂ ಕೊಡುತ್ತಾನೆ. ಪೆಟ್ಟಿಗೆ, ಹಲಗೆ, ಬಳಪ, ಲೇಖನಿ, ಮಸಿಕುಡಿಕೆ, ತಾಳೆಗರಿ. ನಮ್ಮ ಪೋಸ್ಟರಿನವರು ಇದರಲ್ಲಿ ಲೇಖನಿಯನ್ನು ಮಾತ್ರ ಉಳಿಸಿಕೊಂಡು ಕಾಫಿ ಸೇರಿಸಿದ್ದಾರೆ.

ಅದೇ ಅಧ್ಯಾಯದಲ್ಲಿ ಕವಿಗಳನ್ನು ಅವರು ಬರೆಯುವ ಹೊತ್ತಿನ ಪ್ರಕಾರ ನಾಲ್ಕು ಬಗೆ ಮಾಡುತ್ತಾನೆ. ಗುಹೆಯಲ್ಲೋ ನೆಲಮಾಳಿಗೆಯಲ್ಲೋ ಕೂತು ಸೂರ್ಯನನ್ನೂ ನೋಡದೆ ಬರೆಯುವವನು ಅಸೂರ್ಯಂಪಶ್ಯ. ಅವನಿಗೆ ಎಲ್ಲ ಕಾಲವೂ ಕಾಲವೇ. ಮನಸ್ಸು ತೊಡಗಿದಾಗ ಮಾತ್ರ ಬರೆಯುವವನು ನಿಷಣ್ಣ. ಸಂದರ್ಭ ಬಂದಾಗ ಬರೆಯುವವನು ಪ್ರಾಯೋಜನಿಕ. ಇನ್ನೊಬ್ಬ ಇದ್ದಾನೆ, ದತ್ತಾವಸರ. ಸೇವೆ ಮೊದಲಾದ ತನ್ನ ಕೆಲಸಕ್ಕೆ ಅಡ್ಡಿಯಾಗದಂತೆ, ಸಿಕ್ಕ ಬಿಡುವಿನಲ್ಲಿ ಬರೆಯುವವನು. ಅವನಿಗೆ ಒದಗುವ ಹೊತ್ತುಗಳನ್ನೂ ರಾಜಶೇಖರ ಹೇಳುತ್ತಾನೆ: ಬೆಳಗಿನ ಜಾವ, ಊಟ ಮುಗಿದ ಮೇಲೆ, ಪಲ್ಲಕ್ಕಿಯಲ್ಲಿ ಪ್ರಯಾಣ ಮಾಡುವಾಗ. ಪಲ್ಲಕ್ಕಿಯ ಜಾಗದಲ್ಲಿ ಸಿಟಿ ಬಸ್ಸು ಹಾಕಿಕೊಳ್ಳಿ, ಸೀಟು ಸಿಕ್ಕರೆ. ನೌಕರಿ ಮಾಡುವ ಕವಿಗೆ ಶಾಸ್ತ್ರದಲ್ಲೇ ಒಂದು ಹೆಸರು ಇತ್ತು, ಮರ್ಯಾದೆ ಇತ್ತು. ಅದನ್ನು ಮರೆತು ನಾವು ಅಸೂರ್ಯಂಪಶ್ಯನೊಬ್ಬನೇ ಕವಿ ಎಂದುಕೊಂಡೆವು. ಸೂರ್ಯನನ್ನು ನೋಡದೆ ಇರಬೇಕಾದರೆ ಮನೆಗೆ ಅಕ್ಕಿ ತರಲು ಬೇರೆ ಯಾರಾದರೂ ಬೇಕು ಎನ್ನುವುದನ್ನೂ ಮರೆತೆವು.

ಕನ್ನಡದ ಮಟ್ಟಿಗೆ ದತ್ತಾವಸರರ ಕುಲದೇವರು ಗದುಗಿನಲ್ಲಿದ್ದಾನೆ. ಕುಮಾರವ್ಯಾಸನ ಐತಿಹ್ಯ ನಮಗೆಲ್ಲ ಗೊತ್ತು. ಕೋನೇರಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ವೀರನಾರಾಯಣನ ಗುಡಿಗೆ ಬಂದು, ಕಂಬದ ಬುಡದಲ್ಲಿ ಕೂತು ಭಾರತ ಹೇಳುತ್ತಿದ್ದನಂತೆ. ಮೈಮೇಲಿನ ಬಟ್ಟೆ ಆರಿದ ಕೂಡಲೇ ಅವತ್ತಿನ ಕಾವ್ಯ ನಿಲ್ಲುತ್ತಿತ್ತಂತೆ. ಇದನ್ನು ದೈವೀ ಸ್ಫೂರ್ತಿಯ ಪರಮ ಸಾಕ್ಷಿ ಎಂದು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದೇವೆ. ನಾನು ಅದನ್ನು ಒಂದು ವೇಳಾಪಟ್ಟಿ ಎಂದು ಓದುತ್ತೇನೆ. ಗದುಗಿನ ಗಾಳಿಗೆ ಒಂದು ಪಂಚೆ ಆರಲು ಎಷ್ಟು ಹೊತ್ತು ಬೇಕು? ಮುಕ್ಕಾಲು ಗಂಟೆ? ನೆರಳಿನಲ್ಲಾದರೆ ಒಂದು ಗಂಟೆ? ಕೋಳಿವಾಡದ ಶಾನುಭೋಗರ ಮನೆಯವನು ಎನ್ನುತ್ತಾರೆ, ಲೆಕ್ಕಪತ್ರದ ಮನೆತನ. ದಿನಕ್ಕೆ ಇಷ್ಟೇ ಹೊತ್ತು, ದಿನವೂ ಇಷ್ಟು ಹೊತ್ತು. ಹತ್ತು ಪರ್ವಗಳ ಮಹಾಕಾವ್ಯ ಹಾಗೆ ಎದ್ದು ನಿಂತಿತು ಎಂದು ಜನ ಕಲ್ಪಿಸಿಕೊಂಡರಲ್ಲ, ಆ ಜನಕ್ಕೆ ಕಾವ್ಯ ಹೇಗೆ ಹುಟ್ಟುತ್ತದೆ ಎಂಬ ಅಂದಾಜು ನಮ್ಮ ಶಿಬಿರದ ಸಂಘಟಕರಿಗಿಂತ ಚೆನ್ನಾಗಿತ್ತು.

ಇಲ್ಲಿ ಒಬ್ಬ ಒಳ್ಳೆಯ ಓದುಗ ನನ್ನನ್ನು ಹಿಡಿಯಬಹುದು. ತಾನು ಹಲಗೆ-ಬಳಪ ಹಿಡಿದವನಲ್ಲ, ಬರೆದದ್ದನ್ನು ಅಳಿಸಿದವನಲ್ಲ ಎಂದು ಕುಮಾರವ್ಯಾಸನೇ ಹೆಚ್ಚುಗಾರಿಕೆ ಹೇಳಿಕೊಂಡಿದ್ದಾನಲ್ಲ, ಅದಕ್ಕೇನು ಹೇಳುತ್ತೀರಿ? ಸರಿಯಾದ ಪ್ರಶ್ನೆ. ಆದರೆ ಹೆಚ್ಚುಗಾರಿಕೆ ಎನ್ನುವುದು ಉಳಿದವರೆಲ್ಲ ಮಾಡುವುದನ್ನು ತಾನು ಮಾಡುವುದಿಲ್ಲ ಎಂದಾಗ ಮಾತ್ರ ಅಗುತ್ತದೆ. ಉಳಿದವರೆಲ್ಲ ರಾಜಶೇಖರ ಹೇಳಿದ ಆ ಹಲಗೆ-ಬಳಪ ಹಿಡಿದು ತಿದ್ದುತ್ತಿದ್ದರು ಎಂದಾಯಿತು. ಇನ್ನು, ಭಾಮಿನಿ ಷಟ್ಪದಿಯನ್ನು ಅಳಿಸದೆ ಹೇಳಬಲ್ಲವನ ಕಿವಿಯಲ್ಲಿ ಆ ಲಯ ಎಷ್ಟು ವರ್ಷ ಕುದಿದಿರಬೇಕು? ಸೈಕಲ್ ಬರುವವನು ಬ್ಯಾಲೆನ್ಸ್ ಮಾಡುತ್ತಿದ್ದೇನೆ ಎಂದುಕೊಳ್ಳುವುದಿಲ್ಲ. ಬಿದ್ದ ಮಂಡಿಗಳ ಲೆಕ್ಕ ಅವನ ಹತ್ತಿರ ಇರುತ್ತದೆ.

ಸ್ಫೂರ್ತಿ ಎಂದರೆ ನಮ್ಮ ಕಣ್ಣಿಗೆ ತಕ್ಷಣ ಬರುವುದು ಆಶುವಾಗಿ ಹರಿಯುವ ಮಾತು. ಹಾಗಿದ್ದರೆ ಆಶುಮಾತಿನ ನಿಜವಾದ ಕಾರ್ಖಾನೆಗೆ, ಯಕ್ಷಗಾನದ ಚೌಕಿಗೆ ಹೋಗಿ ನೋಡೋಣ. ದೀಪಾವಳಿ ಕಳೆದು ಮೇಳ ತಿರುಗಾಟ ಹೊರಟರೆ ಪತ್ತನಾಜೆಯವರೆಗೆ ಸುಮಾರು ಆರು ತಿಂಗಳು, ಹೆಚ್ಚುಕಡಿಮೆ ಪ್ರತಿ ರಾತ್ರಿ ಒಂದು ಊರು. ಪ್ರಸಂಗದ ಪದ್ಯಗಳು ಬರೆದಿಟ್ಟದ್ದು, ಭಾಗವತರು ಹಾಡುತ್ತಾರೆ. ವೇಷಧಾರಿ ಆಡುವ ಮಾತನ್ನು ಯಾರೂ ಬರೆದುಕೊಟ್ಟಿಲ್ಲ. ನಿನ್ನೆ ರಾತ್ರಿ ಕರ್ಣ, ಇವತ್ತು ಕೌರವ, ಎದುರಿಗೆ ನಿಂತ ಕೃಷ್ಣ ಇವತ್ತು ಯಾವ ದಾರಿಯಲ್ಲಿ ವಾದ ತೆಗೆಯುತ್ತಾನೋ ಗೊತ್ತಿಲ್ಲ. ಆದರೂ ನಿಂತ ಜಾಗದಲ್ಲೇ ವಾಕ್ಯ ಹುಟ್ಟಬೇಕು, ಹುಟ್ಟುತ್ತದೆ. ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥವನ್ನು ಕೇಳಿದವರಿಗೆ ಕನ್ನಡದಲ್ಲಿ ಹೀಗೂ ಯೋಚಿಸಬಹುದೇ ಎನ್ನಿಸಿರುತ್ತದೆ.

ಈ ಕಲಾವಿದ ಯಾವ ಸ್ಫೂರ್ತಿಗೂ ಕಾಯುವ ಹಾಗಿಲ್ಲ. ಚೌಕಿಯಲ್ಲಿ ಕನ್ನಡಿ ಮುಂದೆ ಕೂತು ತನ್ನ ಬಣ್ಣ ತಾನೇ ಬರೆದುಕೊಂಡಿದ್ದಾನೆ. ನಿನ್ನೆಯ ನಿದ್ದೆ ಇನ್ನೂ ಕಣ್ಣಲ್ಲಿದೆ, ಮಗಳ ಫೀಸು ಕಟ್ಟಿಲ್ಲ, ಮಂಡಿ ನೋಯುತ್ತಿದೆ. ಚೆಂಡೆಯ ಪೆಟ್ಟು ಬಿತ್ತು, ಎದ್ದು ಹೋಗಬೇಕು. ಇವತ್ತು ಮೂಡ್ ಇಲ್ಲ ಎಂದು ಮೇಳದ ಯಜಮಾನರಿಗೆ ಹೇಳಿ ನೋಡಲಿ! ಹಾಗಾದರೆ ಆ ಮಾತು ಎಲ್ಲಿಂದ ಬಂತು? ಹುಡುಗನಾಗಿ ಕೋಡಂಗಿ ಕುಣಿದು, ಬಾಲಗೋಪಾಲನಾಗಿ, ಸಣ್ಣಪುಟ್ಟ ವೇಷ ಮಾಡುತ್ತ, ತನ್ನ ಕೆಲಸ ಮುಗಿದ ಮೇಲೂ ಪರದೆಯ ಬದಿಯಲ್ಲಿ ನಿಂತು ಹಿರಿಯರ ಮಾತು ಕೇಳಿದ ನೂರಾರು ರಾತ್ರಿಗಳಿಂದ ಬಂತು. ಹಗಲು ಓದಿದ ಪುರಾಣದಿಂದ, ಪೇಪರಿನಿಂದ, ಹೋಟೆಲಿನಲ್ಲಿ ಕಿವಿಗೆ ಬಿದ್ದ ವ್ಯಾಜ್ಯದಿಂದ ಬಂತು. ಎಲ್ಲ ರಾತ್ರಿಯೂ ಬರುವುದಿಲ್ಲ, ನಿಜ. ಎಷ್ಟೋ ರಾತ್ರಿ ಸವಕಲು ಮಾತಲ್ಲೇ ಬೆಳಗಾಗುತ್ತದೆ. ಆದರೆ ಯಾವ ರಾತ್ರಿ ಬರುತ್ತದೆ ಎಂದು ಮೊದಲೇ ಗೊತ್ತಾಗುವುದಿಲ್ಲವಾದ್ದರಿಂದ ಎಲ್ಲ ರಾತ್ರಿಯೂ ಬಣ್ಣ ಹಚ್ಚಬೇಕು. ಈಗ ಕಾಲಮಿತಿ ಪ್ರಯೋಗ ಬಂದು ರಾತ್ರಿ ಗಿಡ್ಡವಾಗಿದೆ, ಈ ಮಾತು ಮಾತ್ರ ಬದಲಾಗಿಲ್ಲ.

ಆಧುನಿಕರನ್ನು ಬೇಗ ಮುಗಿಸುತ್ತೇನೆ, ಪಟ್ಟಿ ಮಾಡುವುದು ನನಗೆ ಬೇಸರದ ಕೆಲಸ. ಮಾಸ್ತಿ ಮೈಸೂರು ಸಂಸ್ಥಾನದ ಅಧಿಕಾರಿ. ಕೆ.ಎಸ್. ನರಸಿಂಹಸ್ವಾಮಿ ಗುಮಾಸ್ತರು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರು. ‘ಶಿಕಾರಿ’ಯ ನಾಗಪ್ಪನ ಕಂಪನಿ, ಅಲ್ಲಿನ ಸಂಚುಗಳು, ಭಯ, ಇವು ಯಾವ ಬೆಟ್ಟದ ತುದಿಯಲ್ಲಿ ಸಿಗುತ್ತಿದ್ದವು? ಲಂಕೇಶರು 1980ರಲ್ಲಿ ಪತ್ರಿಕೆ ಶುರುಮಾಡಿದ ಮೇಲೆ ವಾರ ವಾರ ಬರೆಯಲೇಬೇಕಾಯಿತು, ಆ ವಾರದ ಪುಟಗಳಲ್ಲೇ ‘ನೀಲು’ ಹುಟ್ಟಿದಳು. ಅದೇ ಪತ್ರಿಕೆಗೆ ವರದಿ ಬರೆದು, ಹಾಸನದಲ್ಲಿ ವಕೀಲಿಕೆ ಮಾಡಿದ ಬಾನು ಮುಷ್ತಾಕರ ಕಥೆಗಳು 2025ರಲ್ಲಿ ದೀಪಾ ಭಾಸ್ತಿಯವರ ಅನುವಾದದಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪಡೆದವು. ತೇಜಸ್ವಿಯವರ ಫೋಟೋವನ್ನು ಈ ಪೋಸ್ಟರಿನವರು ಬಹಳ ಬಳಸುತ್ತಾರೆ. ತೇಜಸ್ವಿ ಮೂಡಿಗೆರೆಗೆ ಸ್ಫೂರ್ತಿ ಹುಡುಕಿಕೊಂಡು ಹೋದವರಲ್ಲ ಸ್ವಾಮಿ, ಕೃಷಿ ಮಾಡಲು ಹೋದವರು. ಜೇನು, ಆಳುಗಳ ತಂಟೆ, ತೋಟದ ಸಾಲ, ಮಂದಣ್ಣನ ಸಹವಾಸ ಇಲ್ಲದೆ ‘ಕರ್ವಾಲೊ’ದ ಹಾರುವ ಓತಿ ಹಾರುತ್ತಿರಲಿಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಈ ಕಾಯುವ ಸಿದ್ಧಾಂತ ಹಾಸ್ಯಾಸ್ಪದವಾಗುತ್ತದೆ. 1963ರಲ್ಲಿ ಮೂವತ್ತೈದು ತುಂಬುವ ಮುನ್ನವೇ ತೀರಿಕೊಂಡ ತ್ರಿವೇಣಿ ಸುಮಾರು ಹತ್ತು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದರು. ಅವರಿಗಿಂತ ಹಿಂದೆ ಹೋಗಿ. ಕನ್ನಡದ ಅತ್ಯಂತ ಸುಂದರ ತ್ರಿಪದಿಗಳನ್ನು ಕಟ್ಟಿದವರು ನಸುಕಿನಲ್ಲಿ ಎದ್ದು ಜೋಳ, ರಾಗಿ ಬೀಸುತ್ತಿದ್ದ ಹೆಂಗಸರು. 1930ರ ದಶಕದ ಆರಂಭದಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ತಂದಾಗ ಓದು ಬಲ್ಲವರು ಬೆರಗಾದರು. ಆ ಹಾಡಿಗೆ ಲಯ ಕೊಟ್ಟದ್ದು ಕಲ್ಲಿನ ಗೂಟ ಹಿಡಿದು ಸುತ್ತುವ ತೋಳು. ಊರಿಗೆ ಹಿಟ್ಟಿನ ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಆ ಹಾಡಿನ ಹುಟ್ಟೂ ನಿಂತಿತು. ಬಿಡುವು ಸಿಕ್ಕರೆ ಹಾಡು ಹೆಚ್ಚಬೇಕಿತ್ತಲ್ಲವೇ? ಬೀಸುವ ಕಲ್ಲು ವಾಪಸು ಬರಲಿ ಎಂದು ಹೇಳುವಷ್ಟು ಮೂರ್ಖ ನಾನಲ್ಲ. ಆ ದುಡಿಮೆ ಸುಖದ್ದು ಎಂದು ಹೇಳುವ ಗಂಡಸು ಒಂದು ಸೇರು ಜೋಳ ಬೀಸಿ ಬಂದು ಮಾತಾಡಲಿ. ಹಾಡು ಹುಟ್ಟಿದ್ದು ದುಡಿಮೆಯ ಒಳಗೆ, ಅದರ ನೋವನ್ನು ನೀಗಿಸಿಕೊಳ್ಳಲು ಎಂಬಷ್ಟೇ ನನ್ನ ಮಾತು. ವಚನಕಾರರಿಗೆ ಇದನ್ನು ಹೇಳಿಕೊಡಬೇಕಿರಲಿಲ್ಲ. ನೇಯುವ ದಾಸಿಮಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಚೆಲ್ಲಿದ ಅಕ್ಕಿ ಆಯುವ ಲಕ್ಕಮ್ಮ. ಇವರ ಕಾಯಕವೇ ಇವರ ಹೆಸರಿಗೆ ಅಂಟಿಕೊಂಡಿದೆ.

ಹಾಗಾದರೆ ದಿನಕ್ಕೆ ಐನೂರು ಪದ, ಇಪ್ಪತ್ತೊಂದು ದಿನದ ಚಾಲೆಂಜ್ ಎನ್ನುವ ಹೊಸ ಗುರುಗಳ ಪರವೋ ನಾನು? ಖಂಡಿತ ಅಲ್ಲ. ಅವರದ್ದು ಇನ್ನೊಂದು ಅಂಗಡಿ. ಮೊದಲಿನವರು ಖಾಲಿ ಹಾಳೆ ಮಾರುತ್ತಾರೆ, ಇವರು ತುಂಬಿದ ಹಾಳೆ ಮಾರುತ್ತಾರೆ. ಏನು ತುಂಬಿದೆ ಎಂದು ಇಬ್ಬರೂ ಕೇಳುವುದಿಲ್ಲ. ಫೇಸ್‌ಬುಕ್ಕಿನಲ್ಲಿ ದಿನಕ್ಕೊಂದು ಕವಿತೆ ಹಾಕಿ ನೂರು ದಿನ ಪೂರೈಸಿದವರನ್ನು ನೋಡಿದ್ದೇನೆ. ನೂರನೆಯದೂ ಮೊದಲನೆಯದರ ಹಾಗೇ ಇತ್ತು, ಏಕೆಂದರೆ ನಾಲ್ಕನೆಯ ಜಾವದ ತಿದ್ದುವ ಕೆಲಸ ಎಲ್ಲೂ ನಡೆದಿರಲಿಲ್ಲ.

ನಾನು ಈಗ ವಿದ್ಯಾರ್ಥಿಗಳಿಗೆ ಸ್ಫೂರ್ತಿ ಎಂಬ ಪದವನ್ನೇ ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ಕೆಲಸದಲ್ಲಿ ಮಾತ್ರ ಬಳಕೆಯಲ್ಲಿರುವ, ನನಗೆ ಗೊತ್ತಿಲ್ಲದ ಹತ್ತು ಪದ ತನ್ನಿ ಎನ್ನುತ್ತೇನೆ. ಗಾರೆ ಕೆಲಸದವರ ಮಗಳು ತಂದ ಪದಗಳು, ರೇಷ್ಮೆ ಸಾಕುವ ಮನೆಯ ಹುಡುಗ ತಂದ ಪದಗಳು ನನ್ನ ನೋಟ್‌ಬುಕ್ಕಿನಲ್ಲಿವೆ. ಪದದ ಹಿಂದೆ ವಸ್ತು ಬರುತ್ತದೆ, ವಸ್ತುವಿನ ಹಿಂದೆ ಅದನ್ನು ಹಿಡಿದ ಕೈ, ಆ ಕೈಯ ಜೊತೆ ಒಂದು ಜಗಳವೋ ಸಾಲವೋ ಬಂದೇ ಬರುತ್ತದೆ. ಬರೆಯಲು ಇನ್ನೇನು ಬೇಕು? ಆ ಮೇಲೆ ಗಟ್ಟಿಯಾಗಿ ಓದಿಸುತ್ತೇನೆ. ಸುಳ್ಳು ಇರುವ ಸಾಲಿನಲ್ಲಿ ನಾಲಿಗೆ ತಡವರಿಸುತ್ತದೆ, ಬರೆದವರಿಗೇ ಗೊತ್ತಾಗುತ್ತದೆ. ಬಿಡುವೇ ಬೇಡ ಎಂದು ನಾನು ಹೇಳುತ್ತಿಲ್ಲ. ಬಿಡುವು ಎಲ್ಲರಿಗೂ ಬೇಕು, ಹನ್ನೆರಡು ಗಂಟೆ ದುಡಿಸುವವರ ಜೊತೆ ಅದಕ್ಕಾಗಿ ಜಗಳವನ್ನೂ ಆಡಬೇಕು. ಆದರೆ ಆ ಜಗಳ ಗೆಲ್ಲುವವರೆಗೆ ಬರೆಯುವಂತಿಲ್ಲ ಎಂದು ಯಾರಿಗೂ ಹೇಳಬೇಡಿ, ನಾನು ಹೇಳಿದ ಹಾಗೆ.

ಆ ಹುಡುಗನ ಹತ್ತಿರ ತಪ್ಪೊಪ್ಪಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ನಿನ್ನ ಕೆಲಸದಲ್ಲಿ ಸುಮ್ಮನೆ ನಿಂತಿರುವ ಹೊತ್ತು ಯಾವುದು ಎಂದು ಕೇಳಿದೆ. ಯೋಚಿಸಿ ಹೇಳಿದ: ಹೋಟೆಲಿನ ಕೌಂಟರಿನಲ್ಲಿ ಪಾರ್ಸೆಲ್ ಕಟ್ಟುವವರೆಗೆ, ಏಳೆಂಟು ನಿಮಿಷ. ನಿನ್ನ ಪಂಚೆ ಅಷ್ಟರಲ್ಲಿ ಆರುತ್ತದೆ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಗದುಗಿನ ಕಥೆ ಹೇಳಬೇಕಾಯಿತು.

ಕಳೆದ ಬುಧವಾರ ರಾತ್ರಿ ಹನ್ನೊಂದೂವರೆಗೆ ಅವನಿಂದ ವಾಟ್ಸಾಪ್ ಬಂತು. ಅಪಾರ್ಟ್‌ಮೆಂಟಿನ ಸರ್ವಿಸ್ ಲಿಫ್ಟಿನ ಬಗ್ಗೆ. ಊಟ ತರುವವರು ಕಸದ ಡಬ್ಬಗಳ ಜೊತೆ ಅದರಲ್ಲೇ ಹೋಗಬೇಕಂತೆ. ಬಿರಿಯಾನಿಯ ವಾಸನೆ, ಕಸದ ವಾಸನೆ ಎರಡೂ ಸೇರಿ ಎಷ್ಟನೆಯ ಮಹಡಿಯ ಹೊತ್ತಿಗೆ ಒಂದೇ ಆಗುತ್ತದೆ ಎಂದು ಬರೆದಿದ್ದ. ಬಾಗಿಲ ಮುಂದಿನ ಚಪ್ಪಲಿ ನೋಡಿ ಒಳಗೆ ಎಷ್ಟು ಜನ, ಟಿಪ್ಸ್ ಸಿಗುತ್ತದೋ ಇಲ್ಲವೋ ಎಂದು ಅಂದಾಜು ಮಾಡುವುದನ್ನು ಬರೆದಿದ್ದ. ಹದಿನಾಲ್ಕನೆಯ ಮಹಡಿಯಲ್ಲಿ ಒಬ್ಬ ಅಜ್ಜಿ ಬಾಗಿಲು ತೆಗೆದು, ಪಾರ್ಸೆಲ್ ತಗೊಳ್ಳದೆ, ‘ಊಟ ಆಯ್ತೇನಪ್ಪ’ ಎಂದು ಕೇಳಿದಳು, ಅದಕ್ಕೆ ಇವನು, ಎಂಬಲ್ಲಿಗೆ ವಾಕ್ಯ ನಿಂತಿತ್ತು.

ಮುಂದೇನಾಯ್ತೋ ಎಂದು ಕೇಳಿದೆ. ‘ಆರ್ಡರ್ ರೆಡಿ ಆಯ್ತು ಸಾರ್, ನಾಳೆ’ ಎಂದು ಉತ್ತರ ಬಂತು.